ಕಿಲೋಮೀಟರ್ ಕಮ್ಮಿ, ವರ್ಷ ಜಾಸ್ತಿ

ಬೋವಿಕ್ಕಾನ ದಾಟಿ ಚೆರ್ಕಳದ ಕಡೆಗೆ ಹೋಗುತ್ತಿದ್ದಾಗ ಕಾರು ಸುಮ್ಮನೆ ನಿಂತಿತು. ಹೊಗೆಯಿಲ್ಲ, ಸದ್ದಿಲ್ಲ. ಕೀ ತಿರುಗಿಸಿದರೆ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ ಗರಗರ ಸುತ್ತುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಪೆಟ್ರೋಲ್ ಸಿಗುತ್ತಿಲ್ಲವೇನೋ ಎಂದು ಐದಾರು ಸಲ ತಿರುಗಿಸಿದೆ. ಆ ಹಗುರ ಸದ್ದೇ ಟೈಮಿಂಗ್ ಬೆಲ್ಟ್ ಹೋದದ್ದರ ಗುರುತು, ಅದನ್ನು ಕೇಳಿದ ಮೇಲೆ ಕೀ ಮುಟ್ಟಬಾರದು ಎಂದು ಗೊತ್ತಾದದ್ದು ಆಮೇಲೆ. 2016ರ ಜೂನ್, ಶಾಲೆ ಶುರುವಾದ ವಾರ. ಮಳೆ ಬೇರೆ.

ಕಾರು 2008ರ ಸ್ಯಾಂಟ್ರೊ. ಎಂಟು ವರ್ಷದಲ್ಲಿ ಓಡಿದ್ದು 46 ಸಾವಿರ ಕಿಲೋಮೀಟರ್. ಮುಳ್ಳೇರಿಯದ ಶಾಲೆಗೆ, ಆಗೊಮ್ಮೆ ಈಗೊಮ್ಮೆ ಕಾಸರಗೋಡಿಗೆ, ಉಳಿದಂತೆ ಅಡಿಕೆ ಗೋಣಿಗಳ ಪಕ್ಕ ಶೆಡ್ಡಿನಲ್ಲೇ. ಬೆಲ್ಟ್ ಬದಲಿಸಲು ಅರುವತ್ತು ಸಾವಿರ ಆಗಲಿ ಎಂದು ಯಾರೋ ಅಂದದ್ದನ್ನು ಹಿಡಿದು ಕೂತಿದ್ದೆ. ಕಿಲೋಮೀಟರಿನ ಬೆನ್ನಿಗೇ 'ಇಲ್ಲವೇ ಇಷ್ಟು ವರ್ಷ, ಯಾವುದು ಮೊದಲೋ ಅದು' ಎಂಬ ಇನ್ನೊಂದು ಮಾತೂ ಇರುತ್ತದೆ. ಪ್ರಶ್ನೆಪತ್ರಿಕೆ ಪೂರ್ತಿ ಓದಿ ಎಂದು ಮಕ್ಕಳಿಗೆ ಹೇಳುವವ ನಾನೇ.

ಬೆಲ್ಟ್ ಎಂದರೆ ರಬ್ಬರು, ಒಳಗೆ ಗಾಜಿನ ನಾರಿನ ಎಳೆ. ಕೆಳಗೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡ ಎರಡು ಸುತ್ತು ಬರುವಾಗ, ಮೇಲೆ ವಾಲ್ವ್‌ಗಳನ್ನು (ಗಾಳಿ, ಹೊಗೆ ಓಡಾಡುವ ಬಾಗಿಲು) ತೆರೆದು ಮುಚ್ಚುವ ಕ್ಯಾಮ್ ದಂಡ ಸರಿಯಾಗಿ ಒಂದು ಸುತ್ತು ಬರುವಂತೆ ಹಲ್ಲು ಕಚ್ಚಿ ಹಿಡಿದಿರುತ್ತದೆ. ಅದು ಕಡಿದರೆ ಕೆಲವು ಎಂಜಿನ್ ಬರೇ ನಿಲ್ಲುತ್ತವೆ. ನನ್ನದರಂಥವುಗಳಲ್ಲಿ ತೆರೆದೇ ಉಳಿದ ವಾಲ್ವ್‌ಗಳಿಗೆ ಪಿಸ್ಟನ್ ಬಂದು ಬಡಿಯುತ್ತದೆ. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಬಿಚ್ಚಿದಾಗ ಹನ್ನೆರಡರಲ್ಲಿ ನಾಲ್ಕು ವಾಲ್ವ್ ಬಾಗಿದ್ದವು. ಬಿಲ್ಲಿನ ವಿಷಯ ಮನೆಯಲ್ಲಿ ಇವತ್ತಿಗೂ ಎತ್ತುವುದಿಲ್ಲ.

2023ರಲ್ಲಿ ಹದಿನೈದು ವರ್ಷ ತುಂಬಿ ರಿಜಿಸ್ಟ್ರೇಷನ್ ನವೀಕರಿಸಬೇಕಾಯಿತು. ಗ್ಯಾರೇಜಿಗೆ ಒಯ್ದಾಗ ಅಲ್ಲಿನ ಹುಡುಗನಿಗೆ ಬೆಲ್ಟನ್ನೂ ಬದಲಿಸು ಎಂದೆ.

"ಮಾಷ್ಟ್ರೇ, ಆವತ್ತು ಹಾಕಿದ ಮೇಲೆ ಬರೇ ಇಪ್ಪತ್ತೆರಡು ಸಾವಿರ ಓಡಿದ್ದಲ್ಲವಾ? ಇನ್ನೂ ಹೋಗ್ತದೆ."

"ಓಡಿದ್ದು ಬಿಡು ಮಾರಾಯ, ಕೂತದ್ದು ಏಳು ವರ್ಷ."

ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆವು. ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು, ತೋಟಕ್ಕೆ ಬೋರ್ಡೋ ದ್ರಾವಣ ಬಿಡುವ ಹಳೇ ಪೈಪನ್ನು ಬಗ್ಗಿಸಿದರೆ ಕಾಣುವಂಥದ್ದು. ಒಂದು ಅಂಚು ಎಣ್ಣೆಯಾಗಿತ್ತು. ಕ್ಯಾಮಿನ ಆಯಿಲ್ ಸೀಲ್ ಜಿನುಗುತ್ತಿತ್ತು. ರಬ್ಬರಿಗೆ ಎಣ್ಣೆ ತಾಗಿದರೆ ಲೆಕ್ಕ ಇನ್ನೂ ಬೇಗ ಮುಗಿಯುತ್ತದೆ. ಬಿರುಕು ಕಾಣದಿದ್ದರೂ ನಾನು ಬದಲಿಸುತ್ತಿದ್ದೆ, ಚಂದ ಕಾಣುವ ಬೆಲ್ಟೂ ಕಡಿಯುತ್ತದೆ. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್, ಸೀಲು ಎಲ್ಲ ಒಟ್ಟಿಗೇ ಹಾಕಿಸಿದೆ. ಖರ್ಚಿನಲ್ಲಿ ದೊಡ್ಡ ಪಾಲು ಬಿಚ್ಚುವ ಕೂಲಿಯದೇ. ಕೆಲವು ಕಾರುಗಳಲ್ಲಿ ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುತ್ತದೆ, ಅಂಥದಾದರೆ ಅದನ್ನೂ ಆಗಲೇ ನೋಡಿಸಿ.

ಹೊಸ ಬೆಲ್ಟ್ ಕೂತ ತಕ್ಷಣ ಹುಡುಗ ಕೀಗೆ ಕೈ ಹಾಕಿದ. ತಡೆದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿದೆವು, ಎಂಜಿನ್ ತಿರುಗುವ ದಿಕ್ಕಿನಲ್ಲೇ. ಕ್ರ್ಯಾಂಕ್, ಕ್ಯಾಮ್ ಎರಡರ ಚಕ್ರಕ್ಕೂ ಹೊಂದಿಸಿ ನೋಡುವ ಗುರುತಿರುತ್ತದೆ. ಕೆಳಗಿನ ಗುರುತು ಸರಿ ಬಂತು, ಮೇಲಿನದು ಒಂದು ಹಲ್ಲು ಆಚೆ. ಅವನು ಮಾತಾಡದೆ ಟೆನ್ಷನರ್ ಸಡಿಲಿಸಿ ಮತ್ತೆ ಕೂರಿಸಿದ. ಎರಡನೇ ಸಲ ಎರಡೂ ಗುರುತು ಸೇರಿದವು.

ಮುಚ್ಚಳದ ಮೇಲೆ ಬಿಳಿ ಪೈಂಟಿನಲ್ಲಿ ತಾರೀಕು ಬರೆದು, ಕೆಳಗೆ 2028 ಎಂದು ಹಾಕಿದೆ.

"ಅಷ್ಟರವರೆಗೆ ಈ ಬಂಡಿ ಇರ್ತದಾ ಮಾಷ್ಟ್ರೇ?"

ಐದು ವರ್ಷಕ್ಕೆ ನವೀಕರಿಸಿ ಬಂದ ಆರ್‌ಸಿಯಲ್ಲೂ ಅದೇ ಇಸವಿ ಇತ್ತು.