ಆರು ಮೀಟರ್ ಆಳದಲ್ಲಿ ಸ್ಕೂಬಾ ಕಲಿತದ್ದು

ಗಾಳಿಯ ಸಿಲಿಂಡರ್ ಹೊತ್ತು ನೀರಿನೊಳಗೆ ಉಸಿರಾಡುವ ಸ್ಕೂಬಾ ಡೈವಿಂಗ್ ನಾನು ಕಲಿತದ್ದು ದಡದಿಂದ ನಡೆದುಕೊಂಡು ಹೋಗಿ. ದೋಣಿ ಇಲ್ಲ, ನೀರಿಗೆ ಹಾರುವ ಸಾಹಸ ಇಲ್ಲ. ಬೆಚ್ಚಗಿನ ಕಡಲು, ಮರಳಿನ ತಳ, ಸ್ವಲ್ಪ ದೂರದಲ್ಲಿ ಅಲೆಗಳನ್ನು ತಡೆಯುವ ಹವಳದ ದಿಬ್ಬ. ನಿಧಾನಕ್ಕೆ ಇಳಿಯುತ್ತಾ ಹೋದರೆ ಆರು ಮೀಟರ್ ಆಳ, ಅಷ್ಟೇ. ಇಂಥ ಜಾಗ ನೋಡಿದರೆ ಸುಲಭ ಅನ್ನಿಸುತ್ತದೆ. ಹೊಸಬರನ್ನು ಇಲ್ಲಿಗೆ ಕರೆತರುವುದೂ ಅದಕ್ಕೇ. ಆದರೆ ಕಲಿಯುವವರಿಗೆ ಅತಿ ಹೆಚ್ಚು ಕೆಲಸ ಇರುವುದು ಈ ಕಡಿಮೆ ಆಳದಲ್ಲೇ.

ಲೆಕ್ಕ ನೋಡಿ. ನೀರಿನ ಮೇಲೆ ಒತ್ತಡ 1 ಬಾರ್. 10 ಮೀಟರ್ ಇಳಿದರೆ 2 ಬಾರ್, 20 ಮೀಟರ್ ಇಳಿದರೆ 3. ಮೊದಲ 10 ಮೀಟರ್‌ನಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ. ಮುಂದಿನ 10 ಮೀಟರ್‌ನಲ್ಲಿ ಅದು ಒಂದೂವರೆ ಪಟ್ಟು ಮಾತ್ರ. ಮೇಲೆ ಊದಿದ ಬಲೂನನ್ನು ಕೆಳಗೆ ಒಯ್ದರೆ 10 ಮೀಟರ್‌ಗೇ ಅರ್ಧ ಆಗಿಬಿಡುತ್ತದೆ. ಕಿವಿ, ಶ್ವಾಸಕೋಶ, ಮಾಸ್ಕಿನ ಒಳಗಿನ ಜಾಗ, ತೇಲಲು ಗಾಳಿ ತುಂಬಿಕೊಳ್ಳುವ ಜಾಕೆಟ್, ಹೀಗೆ ಗಾಳಿ ಇರುವ ಕಡೆಯೆಲ್ಲ ಇದೇ ಕತೆ. ಆರು ಮೀಟರ್‌ನ ಜಾಗದಲ್ಲಿ ಒಂದು ಮೀಟರ್ ಮೇಲೆ ಕೆಳಗೆ ಆದರೂ ಮೈಗೆ ಗೊತ್ತಾಗುತ್ತದೆ.

ನಾವು ಇಳಿಯುತ್ತಿದ್ದದ್ದು ಬೆಳಿಗ್ಗೆ. ಬಿಸಿಲು ಏರಿದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಕಡಲ ಕಡೆಯಿಂದ ಗಾಳಿ ಬೀಸತೊಡಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಸಣ್ಣ ಅಲೆಗಳು ಎದ್ದು ತಳದ ಮರಳು ಕದಡುತ್ತದೆ. ಬೆಳಗಿನ ನೀರು ತಿಳಿ.

ಸಲಕರಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕಲಿಸುವವರು ಹೇಳೇ ಹೇಳುತ್ತಾರೆ. ಎರಡೇ ವಿಷಯ. ನೀರು 28 ಡಿಗ್ರಿ ಇದ್ದರೂ ಮೈಗಂಟುವ ರಬ್ಬರಿನಂಥ ಉಡುಪು, ಅಂದರೆ ವೆಟ್‌ಸೂಟ್ ಬೇಕು. ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ನೀರು ಮೈಯ ಬಿಸಿ ಎಳೆದುಕೊಳ್ಳುತ್ತದೆ. ತೆಳ್ಳಗಿನ 3 ಮಿಲಿಮೀಟರ್ ಸೂಟ್ ಸಾಕು, ಆದರೆ ಅದಿಲ್ಲದೆ ಮುಕ್ಕಾಲು ಗಂಟೆಯಲ್ಲಿ ನಡುಕ ಶುರುವಾಗಬಹುದು. ಎರಡನೆಯದು ಮಾಸ್ಕ್. ಪಟ್ಟಿ ಹಾಕಿಕೊಳ್ಳದೆ ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆಯಬೇಕು. ಮಾಸ್ಕ್ ಕೈಬಿಟ್ಟರೂ ಅಂಟಿಕೊಂಡು ನಿಂತರೆ ಅದು ನಿಮ್ಮದು. ಮೀಸೆ ಇದ್ದವರಿಗೆ ಸ್ವಲ್ಪ ಕಷ್ಟ.

ಸೊಂಟಕ್ಕೆ ಕಟ್ಟುವ ಸೀಸದ ಭಾರ ಎಷ್ಟಿರಬೇಕು ಅನ್ನುವುದನ್ನು ಮಾತ್ರ ಅಂದಾಜಿನ ಮೇಲೆ ಬಿಡಬಾರದು. ನಾವು ಮಾಡಿದ್ದು ಹೀಗೆ: ನೆಲ ಮುಟ್ಟದಷ್ಟು ನೀರಿನಲ್ಲಿ ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ಮಾಮೂಲಿ ಉಸಿರು ಹಿಡಿದು ನೆಟ್ಟಗೆ ನಿಂತೆವು. ನೀರು ಕಣ್ಣಿನ ಮಟ್ಟಕ್ಕಿರಬೇಕು. ಉಸಿರು ಬಿಟ್ಟರೆ ಮುಳುಗಬೇಕು. ಕೊಳದಲ್ಲಿ ಸರಿಹೋದ ಭಾರ ಕಡಲಿನಲ್ಲಿ ಸಾಲುವುದಿಲ್ಲ, ಉಪ್ಪುನೀರು ಹೆಚ್ಚು ಎತ್ತುತ್ತದೆ. ಇನ್ನೊಂದು ತಮಾಷೆ ಅಂದರೆ ಗಾಳಿಗೂ ತೂಕ ಇದೆ. 200 ಬಾರ್‌ಗೆ ತುಂಬಿದ 12 ಲೀಟರ್ ಸಿಲಿಂಡರ್‌ನಲ್ಲಿ ಹತ್ತಿರ ಹತ್ತಿರ 3 ಕಿಲೋ ಗಾಳಿ ಇರುತ್ತದೆ. ಡೈವ್ ಮುಗಿಯುವ ಹೊತ್ತಿಗೆ ಅದರಲ್ಲಿ ಹೆಚ್ಚಿನ ಪಾಲು ಗುಳ್ಳೆಯಾಗಿ ಹೋಗಿ ನಾವೇ ಹಗುರ ಆಗಿರುತ್ತೇವೆ. ಅದಕ್ಕೂ ಒಂಚೂರು ಭಾರ ಸೇರಿಸಿಕೊಳ್ಳಬೇಕು.

ಸೊಂಟದ ಮಟ್ಟದ ನೀರಿನವರೆಗೆ ಈಜಲು ಕಾಲಿಗೆ ಹಾಕುವ ಫಿನ್ ಕೈಯಲ್ಲಿ ಹಿಡಿದು ನಡೆದೆವು. ಪಾದ ಎತ್ತಿ ಇಡದೆ ಮರಳಿನ ಮೇಲೆ ಎಳೆದುಕೊಂಡು ಹೋಗಬೇಕು. ಮರಳಿನಡಿ ತೊರಕೆ ಮೀನು ಮಲಗಿದ್ದರೆ ಆ ಸದ್ದಿಗೆ ಅದೇ ಎದ್ದು ಹೋಗುತ್ತದೆ. ತುಳಿದರೆ ಬಾಲದ ಮುಳ್ಳು ಕಾಲಿಗೆ. ನೀರು ಸೊಂಟಕ್ಕೆ ಬಂದ ಮೇಲೆ ಒಬ್ಬರ ಭುಜ ಒಬ್ಬರು ಹಿಡಿದು ಫಿನ್ ಹಾಕಿಕೊಂಡೆವು. ಫಿನ್ ಹಾಕಿದ ಮೇಲೆ ಹಿಮ್ಮುಖ ನಡಿಗೆ. ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಆಗಲೇ ಬಾಯಲ್ಲಿರಬೇಕು. ಎಡವಿ ಬಿದ್ದರೂ ಉಸಿರಾಟಕ್ಕೆ ತೊಂದರೆ ಇಲ್ಲ.

ಇನ್ನು ಕಿವಿ. ಹೊಸಬರಲ್ಲಿ ಬಹಳ ಜನ ವಾಪಸ್ ಮೇಲೆ ಬರುವುದು ಇದರಿಂದಲೇ. ಎರಡು ಮೀಟರ್ ಇಳಿಯುವುದರೊಳಗೆ ಕಿವಿ ಒತ್ತತೊಡಗುತ್ತದೆ. ಹೊರಗಿನ ನೀರು ಕಿವಿತಮಟೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳದ ಮೂಲಕ ಒಳಗಿನಿಂದ ಗಾಳಿ ಕೊಟ್ಟರೆ ಮಾತ್ರ ಅದು ಸರಿಹೋಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದುವುದು, ಇಲ್ಲವೇ ಮೂಗು ಹಿಡಿದು ಎಂಜಲು ನುಂಗುವುದು. ಎರಡರಲ್ಲಿ ನನಗೆ ನುಂಗುವುದೇ ಚೆನ್ನಾಗಿ ಕೆಲಸ ಮಾಡಿತು. ಯಾವುದಾದರೂ ಸರಿ, ನೋವು ಬರುವ ಮೊದಲೇ ಮಾಡಬೇಕು. ನೋವು ಶುರುವಾದ ಮೇಲೆ ಆ ನಾಳ ಒತ್ತಡಕ್ಕೆ ಮುಚ್ಚಿಕೊಂಡಿರುತ್ತದೆ, ಜೋರಾಗಿ ಊದಿದರೆ ಕಿವಿಗೇ ಪೆಟ್ಟು. ಆಗ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ಕಾಲು ಕೆಳಗೆ ಮಾಡಿ ಇಳಿದರೆ ತಲೆ ಕೆಳಗೆ ಮಾಡಿ ಇಳಿಯುವುದಕ್ಕಿಂತ ಕಿವಿ ಬೇಗ ಬಿಡುತ್ತದೆ. ದಡದಿಂದ ಇಳಿಯುವ ಜಾಗದ ದೊಡ್ಡ ಲಾಭ ಇಲ್ಲೇ ಕಾಣುವುದು. ಮರಳಿನ ಇಳಿಜಾರು ಹಿಡಿದು ಅಂಗುಲ ಅಂಗುಲವಾಗಿ ಇಳಿಯಬಹುದು, ಯಾರಿಗೂ ಅವಸರ ಇಲ್ಲ. ನೆಗಡಿ ಇದ್ದ ದಿನ ಮಾತ್ರ ನೀರಿಗೇ ಹೋಗಬಾರದು. ಮಾತ್ರೆ ನುಂಗಿ ಇಳಿದರೆ ಅದರ ಗುಣ ನೀರಿನೊಳಗೇ ಇಳಿದುಹೋಗಬಹುದು, ಆಮೇಲೆ ಮೇಲೆ ಬರುವಾಗ ಕಿವಿಯೊಳಗಿನ ಗಾಳಿಗೆ ಹೊರಗೆ ದಾರಿ ಇರುವುದಿಲ್ಲ.

ಬಾಯಿಂದ ಉಸಿರಾಡುವುದು ಅಷ್ಟೇನೂ ಕಷ್ಟವಲ್ಲ. 1943ರಲ್ಲಿ ಫ್ರಾನ್ಸಿನ ಕುಸ್ತೊ ಮತ್ತು ಗಾನ್ಯಾನ್ ತಯಾರಿಸಿದ ಆಕ್ವಾ ಲಂಗ್ ಉಸಿರೆಳೆದಾಗ ಮಾತ್ರ, ಅದೂ ಸುತ್ತಲಿನ ನೀರಿನ ಒತ್ತಡದಲ್ಲೇ, ಗಾಳಿ ಕೊಡುತ್ತಿತ್ತು. ಇವತ್ತಿನ ರೆಗ್ಯುಲೇಟರ್ ಮಾಡುವುದೂ ಅದನ್ನೇ. ಕೆಲಸ ಸಲೀಸು, ಆದರೆ ಒಂದು ನಿಯಮ ಇದೆ: ಉಸಿರು ಹಿಡಿಯಬಾರದು. ಕೆಳಗೆ ಒತ್ತಡದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಾಗ ಹಿಗ್ಗುತ್ತದೆ. ಹೊರಗೆ ಬಿಡದಿದ್ದರೆ ಶ್ವಾಸಕೋಶ ಹರಿಯಬಹುದು, ಎರಡು ಮೀಟರ್ ಆಳದಿಂದ ಬಂದರೂ ಸಹ. ಹಾಗಾಗಿ ರೆಗ್ಯುಲೇಟರ್ ಬಾಯಿಂದ ತೆಗೆದು ಮತ್ತೆ ಹಾಕಿಕೊಳ್ಳುವ ಅಭ್ಯಾಸದಲ್ಲಿ ಸಣ್ಣಗೆ ಗುಳ್ಳೆ ಬಿಡುತ್ತಲೇ ಇರಬೇಕು. ಇನ್‌ಸ್ಟ್ರಕ್ಟರ್ ನೋಡುತ್ತಿದ್ದದ್ದೂ ನನ್ನ ಕೈ ಅಲ್ಲ, ಆ ಗುಳ್ಳೆಗಳನ್ನೇ.

ಮಾಸ್ಕಿಗೆ ನೀರು ತುಂಬಿಸಿ ಖಾಲಿ ಮಾಡುವುದು ಎಲ್ಲರಿಗೂ ಬೇಡವಾದ ಪಾಠ. ಮಾಸ್ಕಿನ ಮೇಲಿನ ಅಂಚು ಹಣೆಗೆ ಒತ್ತಿ, ಸ್ವಲ್ಪ ಮೇಲೆ ನೋಡುತ್ತಾ ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ತಲೆ ಕೆಲಸ ಬಿಡುವುದು ಮೂಗಿಗೆ ನೀರು ತಾಗಿದ ಕ್ಷಣಕ್ಕೆ. ನಾನು ಎದೆಮಟ್ಟದ ನೀರಿನಲ್ಲಿ ಮಾಸ್ಕ್ ಇಲ್ಲದೆ ಮುಖ ಮುಳುಗಿಸಿ, ಬಾಯಿಂದ ಮಾತ್ರ ಉಸಿರಾಡುತ್ತಾ ಸುಮ್ನೆ ನಿಂತು ಅಭ್ಯಾಸ ಮಾಡಿಕೊಂಡೆ. ಅದಾದ ಮೇಲೆ ಆರು ಮೀಟರ್‌ನಲ್ಲಿ ಮಾಡುವುದು ಏನೂ ಅನ್ನಿಸಲಿಲ್ಲ. ಯಾರಿಗಾದರೂ ಒಂದೇ ಸಲಹೆ ಕೊಡಬೇಕೆಂದರೆ ಇದನ್ನೇ ಕೊಡುತ್ತೇನೆ.

ಇನ್ನು ನೀರಿನ ನಡುವೆ ತೇಲಿ ನಿಲ್ಲುವುದು. ಮೇಲಕ್ಕೂ ಹೋಗದೆ, ತಳಕ್ಕೂ ಬೀಳದೆ. ನನ್ನ ಹೆಚ್ಚಿನ ಹೊತ್ತು ಇದಕ್ಕೇ ಹೋಯಿತು. ಜಾಕೆಟ್ಟಿಗೆ ಗಾಳಿ ತುಂಬುವ ಬಟನ್ ಇದೆ ಅಂತ ಅದನ್ನೇ ಒತ್ತುತ್ತಿದ್ದರೆ ಆಟ ಕೆಡುತ್ತದೆ. ಸ್ವಲ್ಪ ಮೇಲೆ ಹೋದರೆ ಜಾಕೆಟ್ಟಿನ ಗಾಳಿ ಹಿಗ್ಗುತ್ತದೆ, ಅದರಿಂದ ಇನ್ನೂ ಮೇಲೆ, ಇನ್ನೂ ಹಿಗ್ಗು. ಕಡಿಮೆ ಆಳದಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. ಚೂರೇ ಚೂರು ಗಾಳಿ ತುಂಬಿ, ಮಿಕ್ಕಿದ್ದನ್ನು ಉಸಿರಿನಿಂದಲೇ ಮಾಡಬೇಕು. ಉಸಿರೆಳೆದರೆ ಮೇಲೆ, ಬಿಟ್ಟರೆ ಕೆಳಗೆ. ಆದರೆ ಎಳೆದ ತಕ್ಷಣ ಏನೂ ಆಗುವುದಿಲ್ಲ, ಒಂದೆರಡು ಕ್ಷಣ ಬಿಟ್ಟು ಮೈ ಮೇಲೇಳುತ್ತದೆ. ಆ ತಡ ಅಂದಾಜಿಗೆ ಸಿಕ್ಕಿದ ಮೇಲೆ ಕೈ ಬಡಿಯುವುದು ತಾನಾಗಿ ನಿಲ್ಲುತ್ತದೆ. ಹವಳದ ಹತ್ತಿರ ಹೋಗುವುದು ಅದಾದ ಮೇಲೆಯೇ. ಫಿನ್ನಿನ ಒಂದು ಒದೆತ ಸಾಕು, ಎಷ್ಟೋ ವರ್ಷ ಬೆಳೆದ ಕೊಂಬೆ ಮುರಿಯುವುದಕ್ಕೆ.

ಹತ್ತಿರ ಹೋದಾಗ ಕಾಣುವುದೋ! ಕೆಂಪು ಬಣ್ಣವನ್ನು ನೀರು ಮೊದಲು ನುಂಗುತ್ತದೆ. ಹಾಗಾಗಿ ಆಳದ ಹವಳ ನೀಲಿ-ಬೂದಿ. ನಮ್ಮ ಜಾಗದಲ್ಲಿ, ಅದರಲ್ಲೂ ಎರಡು ಮೂರು ಮೀಟರ್ ಆಳದಲ್ಲಿ, ಬಣ್ಣ ಇನ್ನೂ ಉಳಿದಿರುತ್ತಿತ್ತು. ಮಾಸ್ಕಿನೊಳಗಿಂದ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ. ಮೀನಿನ ಗಾತ್ರ ಹೇಳುವವರನ್ನು ನಾನಂತೂ ಪೂರ್ತಿ ನಂಬುವುದಿಲ್ಲ. ಗಿಣಿಮೀನು ಹವಳದ ಕಲ್ಲನ್ನು ಕಟಕಟ ಕಡಿಯುವುದು ಕೇಳಿಸುತ್ತದೆ, ಯಾವ ಕಡೆಯಿಂದ ಅಂತ ಮಾತ್ರ ಗೊತ್ತಾಗುವುದಿಲ್ಲ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗ, ಎರಡೂ ಕಿವಿಗೆ ಒಟ್ಟಿಗೇ ಬಂದ ಹಾಗೆ ಇರುತ್ತದೆ. ಆ ಮೀನು ತಿಂದ ಕಲ್ಲು ಪುಡಿಯಾಗಿ ಹೊರಬಿದ್ದದ್ದೇ ಮರಳು. ಕಡಲ ಹೂವಿನ (ಸೀ ಅನಿಮೋನಿ ಅನ್ನುವ ಜೀವಿ) ಎಸಳುಗಳ ನಡುವೆ ಕ್ಲೌನ್ ಮೀನಿನ ಸಂಸಾರ. ಹುಟ್ಟುವಾಗ ಅವೆಲ್ಲ ಗಂಡು, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಕೈಚಾಚಿದರೆ ಎದುರಿಗೇ ಬಂದು ನಿಲ್ಲುವುದೂ ಅದೇ.

ಗಾಳಿಯ ಲೆಕ್ಕವನ್ನು ಅದು ಮುಗಿಯುವ ಮೊದಲೇ ನೋಡಿಕೊಳ್ಳಬೇಕು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 10 ಮೀಟರ್‌ನಲ್ಲಿ 40 ಲೀಟರ್ ಬೇಕು, ಆರು ಮೀಟರ್‌ನಲ್ಲಿ 32 ಸಾಕು. ಕಡಿಮೆ ಆಳದಲ್ಲಿ ಜಾಸ್ತಿ ಹೊತ್ತು ಇರಬಹುದು, ಅದೊಂದು ಸುಖ. ಸಿಲಿಂಡರಿನ ಒತ್ತಡ ತೋರಿಸುವ ಗೇಜ್ 50 ಬಾರ್‌ಗೆ ಬರುವಷ್ಟರಲ್ಲಿ ದಡಕ್ಕೆ ಮರಳಿರಬೇಕು. ಹೆಬ್ಬೆರಳು ಮೇಲೆ ತೋರಿಸಿದರೆ ನೀರಿನಲ್ಲಿ "ಮೇಲೆ ಹೋಗೋಣ" ಅಂತ ಅರ್ಥ, "ಚೆನ್ನಾಗಿದೆ" ಅಂತ ಅಲ್ಲ. ಖುಷಿಯಲ್ಲಿ ಹೆಬ್ಬೆರಳು ಎತ್ತಿ ಡೈವ್ ಮುಗಿಸಿಬಿಟ್ಟವರು ಇದ್ದಾರೆ.

ವಾಪಸ್ ಬರುವಾಗ ಮರಳಿನ ಇಳಿಜಾರು ಹಿಡಿದು ನಿಧಾನಕ್ಕೆ ಏರಿದೆವು. ನಿಮಿಷಕ್ಕೆ 9 ಮೀಟರ್‌ಗಿಂತ ಹೆಚ್ಚು ಬೇಡ ಅನ್ನುತ್ತಾರೆ. ಆರು ಮೀಟರ್‌ನಿಂದ ಬರುವುದಕ್ಕೆ ಇದೇನು ಮಹಾ ಅನ್ನಿಸಬಹುದು. ಆದರೆ ಕೊನೆಯ ಎರಡು ಮೂರು ಮೀಟರ್‌ನಲ್ಲೇ ಜಾಕೆಟ್ ಮೇಲಕ್ಕೆ ಎಳೆಯುವುದು. ಎಡಗೈಯಲ್ಲಿ ಗಾಳಿ ಬಿಡುವ ಕೊಳವೆ ಎತ್ತಿ ಹಿಡಿದೇ ಬರಬೇಕು. ವಿಮಾನದ ಟಿಕೆಟ್ ಇದ್ದವರು ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಮೇಲಿಂದ ಮೇಲೆ ಇಳಿದಿದ್ದರೆ 18 ಗಂಟೆ ಬಿಟ್ಟು ಹಾರಬೇಕು. ನಾವು ದಡದಲ್ಲೇ ಕುಳಿತು ಸಲಕರಣೆಯನ್ನೆಲ್ಲ ಸಿಹಿನೀರಿನಲ್ಲಿ ಅದ್ದಿದೆವು. ರೆಗ್ಯುಲೇಟರಿನಲ್ಲಿ ಸಿಲಿಂಡರಿಗೆ ಸೇರುವ ತುದಿಯ ಮುಚ್ಚಳ ಒರೆಸಿ ಹಾಕಿದ ಮೇಲೆಯೇ ಅದನ್ನು ನೀರಿಗಿಡಬೇಕು; ಒಳಗೆ ಒಂದು ಹನಿ ಹೋದರೂ ತುಕ್ಕು.