ಕತ್ತರಿ ಹಾಕುವ ಮುನ್ನ ನೀರಿಗೆ ಹಾಕಿ

ಹೊಸ ಹತ್ತಿ ಬಟ್ಟೆ ಹೆಚ್ಚು ಕುಗ್ಗುವುದು ಮೊದಲ ಒಗೆತದಲ್ಲೇ. ನೇಯುವಾಗ ಉದ್ದಕ್ಕೆ ಹೋಗುವ ಹಾಸಿನ ನೂಲಿಗೆ ಗಂಜಿ ಹಾಕಿ ಬಿಗಿಯಾಗಿ ಎಳೆದಿರುತ್ತಾರೆ. ನೀರು ತಾಗಿದೊಡನೆ ಗಂಜಿ ಬಿಟ್ಟು ಬಿಗಿ ಸಡಿಲುತ್ತದೆ, ನೂಲು ಉಬ್ಬುತ್ತದೆ. ಉಬ್ಬಿದ ಹೊಕ್ಕನ್ನು, ಅಂದರೆ ಅಡ್ಡ ನೂಲನ್ನು, ಬಳಸಿ ಹೋಗಲು ಹಾಸಿನ ನೂಲಿಗೆ ಹೆಚ್ಚು ಉದ್ದ ಬೇಕು. ಹೀಗಾಗಿ ಬಟ್ಟೆ ಉದ್ದದಲ್ಲಿ ಜಾಸ್ತಿ ಕುಗ್ಗುತ್ತದೆ, ಅಗಲದಲ್ಲಿ ಸಾಮಾನ್ಯವಾಗಿ ಕಡಿಮೆ.

ಎಷ್ಟು ಕುಗ್ಗುತ್ತದೆ ಎಂದು ಮನೆಯಲ್ಲೇ ಅಳೆಯಬಹುದು. ಅಂಚಿನಿಂದ 5 ಸೆಂ.ಮೀ. ಒಳಗೆ, ಉದ್ದಕ್ಕೂ ಅಗಲಕ್ಕೂ 50 ಸೆಂ.ಮೀ. ಚೌಕವನ್ನು ಬೇರೆ ಬಣ್ಣದ ಪಾಲಿಯೆಸ್ಟರ್ ದಾರದಿಂದ ಗುರುತು ಹೊಲಿಯಿರಿ. ಸೀಮೆಸುಣ್ಣದ ಗೆರೆ ನೀರಿನಲ್ಲಿ ಉಳಿಯದು. ಮುಂದೆ ಎಂಥ ನೀರಿನಲ್ಲಿ ಒಗೆಯುವಿರೋ ಅಂಥದ್ದರಲ್ಲೇ 2 ತಾಸು ನೆನೆಸಿ, ಹಿಂಡದೆ ತೆಗೆದು ನೆರಳಲ್ಲಿ ಹರಡಿ. ಪೂರ್ತಿ ಒಣಗಿದ ಮೇಲೆ ಎಳೆಯದೆ ಇಸ್ತ್ರಿ ಒತ್ತಿ ಅಳೆಯಿರಿ. 50 ಇದ್ದದ್ದು 48 ಆದರೆ ಶೇ 4 ಕುಗ್ಗಿದೆ. 44 ಇಂಚಿನ ಕುರ್ತಾಕ್ಕೆ ಇದು ಸುಮಾರು 1.75 ಇಂಚು!

ಅಳೆಯುವುದು ಹೇಗೂ ಕೊಂಡ ಮೇಲೆ. ಆದ್ದರಿಂದ ಕೈಮಗ್ಗದ ಬಟ್ಟೆ 2.5 ಮೀಟರ್ ಬೇಕಿದ್ದರೆ 2.65 ತರುವುದು ಒಳ್ಳೆಯದು. ಶೇ 5 ಹೋದರೂ ಸಾಕಾಗುತ್ತದೆ. ಸ್ಯಾನ್‌ಫೊರೈಸ್ಡ್ ಎಂಬ ಮುದ್ರೆ ಇದ್ದರೆ ಇಷ್ಟು ಚಿಂತೆ ಬೇಡ, ಅದನ್ನು ಗಿರಣಿಯಲ್ಲೇ ಕುಗ್ಗಿಸಿರುತ್ತಾರೆ.

ಮಳೆಗಾಲದಲ್ಲಿ ಕಾರವಾರ, ಕುಮಟಾ ಕಡೆ ಲೆಕ್ಕ ತಪ್ಪುವುದು ಒಣಗಿಸುವಲ್ಲಿ. ಹಸಿ ಇರುವಾಗಲೇ ಇಸ್ತ್ರಿ ಎಳೆದರೆ ಬಟ್ಟೆ ಹಿಗ್ಗಿ, ಕುಗ್ಗಿಯೇ ಇಲ್ಲವೆಂಬಂತೆ ಕಾಣುತ್ತದೆ; ಮುಂದಿನ ಒಗೆತದಲ್ಲಿ ನಿಜ ಬಯಲಾಗುತ್ತದೆ. ಫ್ಯಾನಿನ ಕೆಳಗೆ ರಾತ್ರಿಯಿಡೀ ಹರಡಿಡಿ.

ಬಟ್ಟೆಯೆಲ್ಲ ಒಂದೇ ಸಮ ಕುಗ್ಗಿದರೆ ಉಡುಪು ಚಿಕ್ಕದಾಗುತ್ತದೆ, ಅಷ್ಟೇ. ರೂಪವೇ ಕೆಡುವುದು ಕುಗ್ಗುವ ಬಟ್ಟೆಯನ್ನು ಕುಗ್ಗದ ಬಟ್ಟೆಗೆ ಸೇರಿಸಿ ಹೊಲಿದಾಗ. ಪಾಲಿಯೆಸ್ಟರ್ ಸೀರೆಗೆ ನೆನೆಸದ ಹತ್ತಿ ಫಾಲ್ ಹಚ್ಚಿದರೆ ಒಂದೇ ಒಗೆತಕ್ಕೆ ಸೀರೆಯ ಅಂಚು ಸುಕ್ಕುಗಟ್ಟುತ್ತದೆ. ರವಿಕೆಯ ಲೈನಿಂಗ್ ಕುಗ್ಗಿದರೆ ಮೇಲಿನ ಬಟ್ಟೆ ಅಲ್ಲಲ್ಲಿ ಉಬ್ಬಿ, ಕಂಕುಳಲ್ಲಿ ಹೊಲಿಗೆ ಬಿಗಿಯುತ್ತದೆ. ಹತ್ತಿ ಕುರ್ತಾದ ಜಿಪ್ ಅಲೆಅಲೆಯಾಗುವುದೂ ಹೀಗೆಯೇ: ಬಟ್ಟೆ ಗಿಡ್ಡವಾಗುತ್ತದೆ, ಜಿಪ್ಪಿನ ಪಟ್ಟಿ ಆಗುವುದಿಲ್ಲ. ಫಾಲ್, ಲೈನಿಂಗ್, ಕಾಲರಿನ ಹತ್ತಿ ಕ್ಯಾನ್ವಾಸ್ ಎಲ್ಲವನ್ನೂ ನೆನೆಸಿ ಒಣಗಿಸಿಯೇ ದರ್ಜಿಗೆ ಕೊಡಿ. ಅಂಟಿನ ಕ್ಯಾನ್ವಾಸನ್ನು ಮಾತ್ರ ಬಿಸಿನೀರಿಗೆ ಹಾಕಬೇಡಿ. ರೇಷ್ಮೆಯನ್ನು ನೆನೆಸುವ ಗೋಜಿಗೇ ಹೋಗಬೇಡಿ, ಅದರ ಲೈನಿಂಗ್ ನೆನೆಸಿದರೆ ಸಾಕು.

ಶಿರಸಿ ಕಡೆ ಬಚ್ಚಲ ಹಂಡೆಯಲ್ಲಿ ಬಿಸಿನೀರು ಸದಾ ಸಿಗುತ್ತದೆಂದು ಉಣ್ಣೆ ಸ್ವೆಟರಿಗೂ ಸುರಿಯಬೇಡಿ. ಬಿಸಿನೀರಿನಲ್ಲಿ ತಿಕ್ಕಿದರೆ ಉಣ್ಣೆಯ ಎಳೆಗಳ ಹುರುಪೆ ಒಂದಕ್ಕೊಂದು ಸಿಕ್ಕಿ ಗಟ್ಟಿಯಾಗುತ್ತದೆ; ಅದನ್ನು ಬಿಡಿಸಲಾಗದು. ಕುಗ್ಗಿದ ಹತ್ತಿಯನ್ನಾದರೆ ಹಸಿಯಾಗಿರುವಾಗ ಎಳೆದು ಇಸ್ತ್ರಿ ಮಾಡಿ ಸ್ವಲ್ಪ ಹಿಗ್ಗಿಸಬಹುದು, ಮತ್ತೆ ಒಗೆಯುವವರೆಗೆ. ಕುರ್ತಾದ ಕೆಳ ಮಡಿಕೆಯಲ್ಲಿ 2 ಇಂಚು, ರವಿಕೆಯ ಪಕ್ಕದ ಹೊಲಿಗೆಯಲ್ಲಿ 1 ಇಂಚು ಬಟ್ಟೆ ಬಿಡಿ ಎಂದು ದರ್ಜಿಗೆ ಮೊದಲೇ ಹೇಳಿರಿ.