ರಿಟೈರ್ ಆದ ಮೇಲೆ ಎಂ.ಎ. ಮಾಡುವುದಾದರೆ ಮೊದಲು ಕೈ ಪಳಗಿಸಿ

ರಿಟೈರ್ ಆದ ಮೇಲೆ ಮತ್ತೆ ಓದಬೇಕು ಅಂತ ಆಸೆ ಇರುವವರು ಮೊದಲು ಕೇಳುವುದು "ಈ ವಯಸ್ಸಲ್ಲಿ ಸೀಟು ಕೊಡ್ತಾರಾ?" ಅಂತ. ಕೊಡುತ್ತಾರೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲೂ (ಕೆಎಸ್‌ಒಯು ಅಂತೀವಲ್ಲ, ಅದೇ) ಇಗ್ನೋದಲ್ಲೂ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಇಷ್ಟು ವಯಸ್ಸು ದಾಟಬಾರದು ಅನ್ನುವ ಮಿತಿ ಇಲ್ಲ. ಬಿಹಾರದ ನಳಂದ ಮುಕ್ತ ವಿವಿಯಲ್ಲಿ ರಾಜ್‌ಕುಮಾರ್ ವೈಶ್ಯ ಅನ್ನುವವರು 2017ರಲ್ಲಿ ಅರ್ಥಶಾಸ್ತ್ರದ ಎಂ.ಎ. ಪಾಸಾದಾಗ ಅವರಿಗೆ 98 ವರ್ಷ. ಹಾಗಾಗಿ ಅರವತ್ತು ದಾಟಿತು ಅನ್ನುವ ಮಾತು ಬಿಡಿ. ತೊಂದರೆ ಇರುವುದು ಎರಡು ಕಡೆ: ಹಳೇ ಕಾಗದಪತ್ರದಲ್ಲಿ, ಮತ್ತು ಕೈಯಲ್ಲಿ. ಕೈ ಅಂದರೆ ನಿಜವಾಗಿಯೂ ಕೈ, ಪೆನ್ನು ಹಿಡಿಯುವ ಕೈ.

ವಿಷಯ ಆರಿಸುವುದರ ಬಗ್ಗೆ ಜಾಸ್ತಿ ಹೇಳಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವರು ಮತ್ತೆ ಹೋಗಿ ಕಾಮರ್ಸ್ ಯಾಕೆ ಓದಬೇಕೋ ನನಗಂತೂ ಗೊತ್ತಿಲ್ಲ. ಮನೆಯ ಕಪಾಟಿನಲ್ಲಿ ಯಾವ ಪುಸ್ತಕ ಜಾಸ್ತಿ ಇದೆ ನೋಡಿ, ಇತಿಹಾಸವೋ ಸಾಹಿತ್ಯವೋ, ಅದೇ ನಿಮ್ಮ ವಿಷಯ. ಅನುಮಾನ ಇದ್ದರೆ ಪರೀಕ್ಷೆ ಮಾಡಿ ನೋಡಬಹುದು: ಇಗ್ನೋದ ಪಠ್ಯಗಳು ಇ-ಜ್ಞಾನಕೋಶ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಒಂದು ಪುಸ್ತಕ ಇಳಿಸಿಕೊಂಡು ಓದಿ. ಎರಡನೇ ಘಟಕಕ್ಕೇ ತೂಕಡಿಕೆ ಬಂದರೆ ಬೇರೆ ವಿಷಯ ನೋಡಿ. ಉತ್ತರವನ್ನು ಕನ್ನಡದಲ್ಲೇ ಬರೆಯಬೇಕು ಅನ್ನುವವರು ಕೆಎಸ್‌ಒಯು ಕಡೆ ಹೋಗುವುದು ಒಳ್ಳೆಯದು. ಇಗ್ನೋದಲ್ಲಿ ಹೆಚ್ಚಿನದೆಲ್ಲ ಇಂಗ್ಲಿಷ್, ಹಿಂದಿ. ಇನ್ನು ಕರಿ ಕೋಟಿನ ಆಸೆ ಇರುವವರಿಗೆ ಒಂದು ಮಾತು: ಎಲ್‌ಎಲ್‌ಬಿಯನ್ನು ದೂರಶಿಕ್ಷಣದಲ್ಲಿ ಮಾಡುವಂತಿಲ್ಲ. ಕಾಲೇಜಿಗೆ ಹೋಗಲೇಬೇಕು, ಹಾಜರಿ ಬೇಕೇ ಬೇಕು. ಯಾರಾದರೂ "ಮನೆಯಲ್ಲೇ ಕೂತು ಲಾ ಮಾಡಿ" ಅಂದರೆ ದುಡ್ಡು ಕಟ್ಟಬೇಡಿ. ಬೇರೆ ಕೋರ್ಸ್ ಆದರೂ ಅಷ್ಟೇ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ದೂರಶಿಕ್ಷಣ ಬ್ಯೂರೋ ತಾಣದಲ್ಲಿ ಆ ವರ್ಷದ ಮಾನ್ಯತೆಯ ಪಟ್ಟಿ ಇರುತ್ತದೆ, ಅದನ್ನು ನೋಡಿಯೇ ಮುಂದುವರಿಯಿರಿ.

ಎಂ.ಎ.ಗೆ ಎರಡು ವರ್ಷ ಅಂದರೆ ಭಯವಾಗುತ್ತದಾ? ಹಾಗಾದರೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ 'ಸ್ವಯಂ' ತಾಣದಲ್ಲಿ, ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಎಂಟೋ ಹನ್ನೆರಡೋ ವಾರದ ಒಂದು ಕೋರ್ಸ್ ತಗೊಂಡು ನೋಡಿ. ಪಾಠಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆ ಶುಲ್ಕ. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳೂ ಇವೆ, ಪರೀಕ್ಷೆ ಬರೆಯುವ ಅಭ್ಯಾಸ ಮರಳಿ ಬರಲು ಅವು ಚೆನ್ನ.

ಈಗ ಕಾಗದಪತ್ರ. ಅರ್ಜಿ ಕರೆಯುವುದಕ್ಕೆ ಎರಡು ಮೂರು ತಿಂಗಳ ಮುಂಚೆಯೇ ಟ್ರಂಕು ತೆಗೆಯಿರಿ. ನಮ್ಮ ಕಾಲದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅದನ್ನೇ ಬಿಡಿಸಿ ಊರು, ಅಪ್ಪನ ಹೆಸರು ಎಲ್ಲ ಸೇರಿಸಿರುತ್ತಾರೆ, ಇನ್ನು ಹೆಂಗಸರದ್ದಾದರೆ ಮದುವೆಯಾದ ಮೇಲೆ ಗಂಡನ ಹೆಸರು ಬೇರೆ ಬಂದು ಕೂತಿರುತ್ತದೆ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಜನ. ಈಗ ಅರ್ಜಿ ಹಾಕಲು ಎಬಿಸಿ ಐಡಿ (ನಿಮ್ಮ ಓದಿನ ಕ್ರೆಡಿಟ್‌ಗಳ ಲೆಕ್ಕ ಇಡುವ ಖಾತೆಯ ಸಂಖ್ಯೆ) ಮತ್ತು ಡೆಬ್ ಐಡಿ (ಯುಜಿಸಿ ದೂರಶಿಕ್ಷಣ ಬ್ಯೂರೋ ತಾಣದಲ್ಲಿ ಪಡೆಯುವ ಸಂಖ್ಯೆ) ಎರಡೂ ಬೇಕು. ಎಬಿಸಿ ಐಡಿ ಡಿಜಿಲಾಕರ್‌ನಲ್ಲಿ ಆಧಾರ್ ಮೂಲಕ ಆಗುತ್ತದೆ, ಆದ್ದರಿಂದ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಇವತ್ತಿಗೂ ನಿಮ್ಮ ಕೈಯಲ್ಲೇ ಇದೆಯಾ ಅಂತ ಮೊದಲು ನೋಡಿ. ಒಟಿಪಿ ವಿದೇಶದಲ್ಲಿರುವ ಮಗನ ಹಳೇ ಸಿಮ್ಮಿಗೆ ಹೋಗುವ ಮನೆಗಳು ಬೇಕಾದಷ್ಟಿವೆ.

ಡಿಗ್ರಿ ಸರ್ಟಿಫಿಕೇಟ್ ಕಳೆದಿದ್ದರೆ, ಅಥವಾ ಆಗ ಘಟಿಕೋತ್ಸವಕ್ಕೇ ಹೋಗದೆ ಬಿಟ್ಟಿದ್ದರೆ, ಯಾವ ವಿವಿಗೆ ಹೋಗಬೇಕು ಅನ್ನುವುದೇ ಗೋಜಲು. ಶಿವಮೊಗ್ಗದಲ್ಲಿ 1984ರಲ್ಲಿ ಬಿ.ಎ. ಮುಗಿಸಿದವರು ಕುವೆಂಪು ವಿವಿಗೆ ಹೋಗಿ ಪ್ರಯೋಜನವಿಲ್ಲ. ಅದು ಶುರುವಾದದ್ದೇ 1987ರಲ್ಲಿ. ಅವರ ದಾಖಲೆ ಇರುವುದು ಮೈಸೂರು ವಿವಿಯಲ್ಲಿ. ಹಾಗೆಯೇ ಬೆಳಗಾವಿಯವರದ್ದು ಧಾರವಾಡದಲ್ಲಿ. ಅಂಕಪಟ್ಟಿಯ ಮೇಲೆ ಅಚ್ಚಾದ ವಿವಿಯ ಹೆಸರು ನೋಡಿಕೊಂಡು ಬಸ್ ಹತ್ತಿ.

ಕೈಯ ವಿಷಯಕ್ಕೆ ಬರೋಣ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಓದುವುದು ಕಷ್ಟವಲ್ಲ, ಪೇಪರ್ ದಿನಾ ಓದುವ ಜನ ನಾವು. ಆದರೆ ಮೂರು ಗಂಟೆ ಬಿಡದೆ ಬರೆದು ಎಷ್ಟು ವರ್ಷ ಆಯಿತು? ಕಡೆಯ ಹದಿನೈದು ಇಪ್ಪತ್ತು ವರ್ಷ ಸಹಿ ಹಾಕಿದ್ದು ಬಿಟ್ಟರೆ ಎಲ್ಲ ಕೀಬೋರ್ಡು. ಇವತ್ತೇ ಒಂದು ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಕೂತು ನೋಡಿ. ಮೊದಲ ಎರಡು ಪುಟ ಚೆನ್ನಾಗಿ ಬರುತ್ತದೆ. ಮೂರನೆಯದರಲ್ಲಿ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದೆ. ಆಮೇಲೆ ಸಾಲು ಬಲಗಡೆಗೆ ಇಳಿಯುತ್ತಾ ಹೋಗುತ್ತದೆ, ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಕೊನೆಗೆ ನಾವು ಬರೆದದ್ದು ನಮಗೇ ಓದಲು ಬರುವುದಿಲ್ಲ. ಹಾಗಾಗಿ ಪ್ರವೇಶ ಸಿಕ್ಕಿದ ದಿನದಿಂದಲೇ ಶುರು ಮಾಡಿ: ದಿನಕ್ಕೆ ಇಪ್ಪತ್ತು ನಿಮಿಷ, ಪುಸ್ತಕ ಮುಚ್ಚಿ, ಓದಿದ್ದನ್ನೇ ಬರೆಯುವುದು. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ, ಪರೀಕ್ಷೆಗೆ ತಿಂಗಳಿರುವಾಗ ಪೂರ್ತಿ ಮೂರು ಗಂಟೆ ಒಮ್ಮೆಯಾದರೂ ಕೂರಿ. ಸಣ್ಣ ಪೆನ್ನು ಬೇಡ, ದಪ್ಪ ಹಿಡಿಯ ಪೆನ್ನು ತಗೊಳ್ಳಿ, ಒತ್ತಿ ಬರೆಯಬೇಡಿ. ಇದರಿಂದ ನೆನಪಿನ ಕೆಲಸವೂ ಆಗುತ್ತದೆ, ಬರೆದದ್ದು ಬೇಗ ಮರೆಯುವುದಿಲ್ಲ.

ಸರ್ಕಾರಿ ಕೆಲಸದಲ್ಲಿದ್ದವರಿಗೆ ಇನ್ನೊಂದು ರೋಗ ಇದೆ. ಉತ್ತರವನ್ನು "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತಲೇ ಶುರು ಮಾಡುತ್ತಾರೆ! ಕಡತದ ಭಾಷೆ ಬಿಡಿ. ಸ್ವಂತ ಅನುಭವವನ್ನೂ ಹಿಡಿತದಲ್ಲಿ ಇಡಿ. ಪಂಚಾಯತ್ ರಾಜ್ ಪ್ರಶ್ನೆಗೆ ನಿಮ್ಮ ತಾಲ್ಲೂಕಿನ ಕಥೆ ಬರೆದರೆ ಅಂಕ ಬರಲ್ಲ, ಪಠ್ಯದಲ್ಲಿರುವ ಸಮಿತಿ, ಇಸವಿ, ತಿದ್ದುಪಡಿ ಬರೆದರೆ ಬರುತ್ತದೆ.

ಅಸೈನ್‌ಮೆಂಟ್ ಹಗುರ ಅಂದುಕೊಳ್ಳಬೇಡಿ. ಇಗ್ನೋದಲ್ಲಿ ಸಾಮಾನ್ಯವಾಗಿ 30 ಭಾಗ ಅದಕ್ಕೆ, 70 ಪರೀಕ್ಷೆಗೆ. ಕೈಯಲ್ಲೇ ಬರೆದು ಕೊಡಬೇಕು. ಕೊಡದೆ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು ಅಂತ ಲೆಕ್ಕ, ನಾಲ್ಕು ಕ್ರೆಡಿಟ್ಟಿನ ಪೇಪರ್‌ಗೆ 120 ಗಂಟೆ ಆಯಿತು. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು, ಮೊಮ್ಮಕ್ಕಳು ಏಳುವ ಮುಂಚೆ ಸಿಗುವ ಹೊತ್ತೇ ಗಟ್ಟಿ. ಊಟ ಆದ ಮೇಲೆ ಓದ್ತೀನಿ ಅನ್ನುವುದೆಲ್ಲ ಸುಮ್ನೆ.

ಮನೆಯವರಿಗೆ ಪರೀಕ್ಷೆಯ ತಿಂಗಳು ಮೊದಲೇ ಹೇಳಿಡಿ. ಇಗ್ನೋ ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ, ಅದರ ಹಿಂದುಮುಂದೆಯೇ ಮದುವೆ ಮುಂಜಿಗಳೂ ಬರುತ್ತವೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಲೇಬೇಕಾಗಿ ಬಂದರೆ ಕಂಗಾಲಾಗಬೇಡಿ. ಎರಡು ವರ್ಷದ ಎಂ.ಎ. ಮುಗಿಸಲು ಇಗ್ನೋ ನಾಲ್ಕು ವರ್ಷದವರೆಗೆ ಸಮಯ ಕೊಡುತ್ತದೆ, ಒಂದೆರಡು ಪೇಪರ್ ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಸಂಪರ್ಕ ತರಗತಿಗೆ (ದೂರಶಿಕ್ಷಣದವರಿಗೆ ಎದುರಿಗೆ ಕೂರಿಸಿಕೊಂಡು ಮಾಡುವ ಪಾಠ) ಹೋದಾಗ ಮುಂದಿನ ಬೆಂಚಿನಲ್ಲಿ ಕೂರಿ, ಕಿವಿ ಸ್ವಲ್ಪ ಮಂದ ಆಗಿದ್ದರೆ ಅಲ್ಲೇ ಕೇಳಿಸುವುದು. ಹುಡುಗರು ಅಂಕಲ್, ಆಂಟಿ ಅಂತಾರೆ, ಅನ್ನಲಿ ಬಿಡಿ, ಅವರ ವಾಟ್ಸಾಪ್ ಗುಂಪಿಗೆ ಮಾತ್ರ ಸೇರಿಕೊಳ್ಳಿ. ದಿನಾಂಕ ಬದಲಾದ ಸುದ್ದಿ ಮೊದಲು ಬರುವುದು ಅಲ್ಲಿಗೇ. ಮೇಷ್ಟ್ರು ನಿಮಗಿಂತ ಇಪ್ಪತ್ತೈದು ವರ್ಷ ಚಿಕ್ಕವರಿರಬಹುದು, ತರಗತಿಯಲ್ಲಿ ಅವರನ್ನು ತಿದ್ದಲು ಹೋಗಬೇಡಿ.

ಪರೀಕ್ಷೆಯ ಹಿಂದಿನ ದಿನವೇ ಕೇಂದ್ರ ನೋಡಿ ಬನ್ನಿ. ಕೊಠಡಿ ಎರಡನೇ ಮಹಡಿಯಲ್ಲಿದ್ದು ಮಂಡಿನೋವು ಇದ್ದರೆ ಆಗಲೇ ಮೇಲ್ವಿಚಾರಕರನ್ನು ಕೇಳಿ, ಕೆಳಗೆ ಜಾಗ ಮಾಡಿಕೊಡಲು ಅವರಿಗೆ ಒಂದು ದಿನವಾದರೂ ಬೇಕಲ್ವಾ. ಹಾಲ್ ಟಿಕೆಟ್, ಗುರುತಿನ ಚೀಟಿ, ನೀರು, ಮೂರು ಪೆನ್ನು, ಓದುವ ಕನ್ನಡಕ. ಶುಗರ್ ಇರುವವರು ಜೇಬಿನಲ್ಲಿ ಎರಡು ಪೆಪ್ಪರ್‌ಮಿಂಟು ಇಟ್ಟುಕೊಂಡು, ಶುರುವಾಗುವ ಮುಂಚೆಯೇ ಕೊಠಡಿಯಲ್ಲಿರುವವರಿಗೆ ಹೇಳಿಬಿಡಿ.